ಗ್ರೂಪ್ ವರ್ಕನ್ನು ಮನೆಗೆ ಕಳಿಸ್ಬೇಡಿ, ಕ್ಲಾಸಲ್ಲೇ ಮಾಡಿಸಿ: ಉಪನಿರ್ದೇಶಕರಿಗೂ ಹೈಸ್ಕೂಲ್ ಟೀಚರುಗಳಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಉಪನಿರ್ದೇಶಕರು,
ಶಾಲಾ ಶಿಕ್ಷಣ ಇಲಾಖೆ, ದಕ್ಷಿಣ ಕನ್ನಡ ಜಿಲ್ಲೆ, ಮಂಗಳೂರು
ಹಾಗೂ ಜಿಲ್ಲೆಯ ಎಲ್ಲ ಹೈಸ್ಕೂಲುಗಳ ಮುಖ್ಯ ಶಿಕ್ಷಕರು ಮತ್ತು ಶಿಕ್ಷಕರು

ವಿಷಯ: ಹೈಸ್ಕೂಲ್ ಮಕ್ಕಳ ಗುಂಪು ಚಟುವಟಿಕೆಗಳನ್ನು ಶಾಲೆಯ ಸಮಯದಲ್ಲೇ ಮಾಡಿಸುವ ಬಗ್ಗೆ

ಮಾನ್ಯರೇ, ನಮಸ್ಕಾರ.

ನಾನು ಮಂಗಳೂರಲ್ಲಿರುವ ಒಬ್ಬಳು ತಾಯಿ. ಮಗಳು ಒಂದು ಅನುದಾನಿತ ಹೈಸ್ಕೂಲಲ್ಲಿ ಒಂಬತ್ತನೇ ಕ್ಲಾಸು, ಮಗ ಮನೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು, ಅಲ್ಲಿನ ಎಸ್‌ಡಿಎಂಸಿಯಲ್ಲಿ (ಶಾಲೆಯ ಅಭಿವೃದ್ಧಿ, ಉಸ್ತುವಾರಿ ಸಮಿತಿ) ನಾನೂ ಒಬ್ಬಳು ಸದಸ್ಯೆ. ಹಾಗಾಗಿ ಎರಡೂ ಶಾಲೆಗಳಿಗೆ ನನ್ನ ಓಡಾಟ ಉಂಟು, ಎರಡೂ ಕಡೆ ಮಕ್ಕಳು ಹೇಗೆ ಕಲೀತಾರೆ ಅಂತ ಕಣ್ಣಾರೆ ನೋಡಿದ್ದೇನೆ. ಒಂದೇ ಇಲಾಖೆ, ಒಂದೇ ಊರು, ಆದ್ರೆ ಸಣ್ಣವನು ಕ್ಲಾಸಲ್ಲಿ ಬೇರೆ ಮಕ್ಕಳ ಜೊತೆ ಕೂತು ನಿಜವಾಗಿ ಕಲೀತಾ ಇದ್ದಾನೆ, ದೊಡ್ಡವಳಿಗೆ ಗ್ರೂಪ್ ವರ್ಕ್ ಅಂದ್ರೆ ಜ್ವರ ಬಂದ ಹಾಗೆ ಆಗ್ತದೆ. ಯಾಕೆ ಹೀಗೆ ಅಂತ ತುಂಬಾ ಯೋಚನೆ ಮಾಡಿ, ನಾಲ್ಕೈದು ಜನ ಟೀಚರುಗಳ ಹತ್ರ, ಬೇರೆ ತಾಯಂದಿರ ಹತ್ರ ಮಾತಾಡಿದ ಮೇಲೆ ಈ ಪತ್ರ ಬರೀತಾ ಇದ್ದೇನೆ.

ನನ್ನ ದೂರು ಗ್ರೂಪ್ ವರ್ಕ್ ಮೇಲೆ ಅಲ್ಲ, ಇದನ್ನು ಮೊದಲೇ ಹೇಳಿಬಿಡ್ತೇನೆ. ಯಾಕಂದ್ರೆ ಪೇರೆಂಟ್ಸ್ ಮೀಟಿಂಗಲ್ಲಿ ನಾನು ಬಾಯಿ ತೆಗೆದ ಕೂಡ್ಲೆ "ಹಾಗಾದ್ರೆ ಪ್ರಾಜೆಕ್ಟೇ ಬೇಡ ಅಂತೀರಾ" ಅಂತ ಕೇಳಿದ್ರು. ಬೇಡ ಅಂತ ಅಲ್ಲ. ಸರಿಯಾಗಿ ಬೇಕು ಅಂತ.

ಈ ಮಳೆಗಾಲದಲ್ಲಿ ಮಗಳ ಕ್ಲಾಸಿಗೆ ಎಫ್‌ಎಗೆ (ವರ್ಷದ ಮಧ್ಯೆ ಮಧ್ಯೆ ಮಾಡುವ ರೂಪಣಾತ್ಮಕ ಮೌಲ್ಯಮಾಪನ) ಅಂತ ಒಂದು ಗ್ರೂಪ್ ಪ್ರಾಜೆಕ್ಟ್ ಕೊಟ್ರು, "ನಮ್ಮೂರಿನ ಕುಡಿಯುವ ನೀರು". ಎಷ್ಟು ಒಳ್ಳೇ ವಿಷಯ ನೋಡಿ. ಮಂಗಳೂರಿಗೆ ನೀರು ಬರುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಜೂನ್ ಜುಲೈಯಲ್ಲಿ ಕೊಡೆ ಹಿಡಿದ್ರೂ ಒದ್ದೆಯಾಗುವ ಊರು ಇದು, ಅದೇ ಊರಲ್ಲಿ 2019ರ ಬೇಸಿಗೆಯಲ್ಲಿ ನೀರಿಗೆ ರೇಷನಿಂಗ್ ಮಾಡುವ ಗತಿ ಬಂತು. ಇಷ್ಟು ಮಳೆ ಬಿದ್ದ ಊರಲ್ಲಿ ಮೇ ತಿಂಗಳಲ್ಲಿ ನೀರು ಯಾಕೆ ಇಲ್ಲ, ಈ ಒಂದು ಪ್ರಶ್ನೆ ಸಾಕು, ಭೂಗೋಳ, ವಿಜ್ಞಾನ, ಲೆಕ್ಕ, ನಗರಪಾಲಿಕೆ ಕೆಲಸ ಎಲ್ಲ ಅದರೊಳಗೇ ಬರ್ತದೆ. ಗ್ರೂಪ್ ಕೂಡ ಚೆನ್ನಾಗಿತ್ತು, ಆರು ಮಕ್ಕಳು. ಬೆಂಗ್ರೆಯಿಂದ ದೋಣಿ ದಾಟಿ ಬರುವ ಒಬ್ಬ ಹುಡುಗ, ಅವನ ಅಪ್ಪ ಬೋಟಿಗೆ ಹೋಗುದು. ಬಾಗಲಕೋಟೆ ಕಡೆಯ ಒಬ್ಬಳು ಹುಡುಗಿ, ತಂದೆತಾಯಿ ಕಟ್ಟಡದ ಕೆಲಸಕ್ಕೆ ಬಂದವರು, ಸೈಟಿನ ಶೆಡ್ಡಲ್ಲೇ ವಾಸ. ಮನೆ ಹಿಂದೆ ಬಾವಿ ಇರುವವರು ಒಬ್ಬರು, ಫ್ಲ್ಯಾಟಲ್ಲಿ ಟ್ಯಾಂಕರ್ ನೀರಿಗೆ ಕಾಯುವವರು ಒಬ್ಬರು, ಮತ್ತೆ ನನ್ನ ಮಗಳು, ಅವಳ ಬೆಂಚಿನ ಒಬ್ಬಳು. ಆರು ಮನೆಗೂ ನೀರು ಆರು ರೀತಿಯಲ್ಲಿ ಬರ್ತದೆ. ಈ ಆರು ಮಕ್ಕಳನ್ನು ಒಂದು ಪೀರಿಯಡ್ ಎದುರೆದುರು ಕೂರಿಸಿ "ನಿಮ್ಮ ಮನೆಗೆ ನೀರು ಎಲ್ಲಿಂದ, ಯಾರು ತರುದು, ಒಂದು ದಿನಕ್ಕೆ ಎಷ್ಟು ಕೊಡ" ಅಂತ ಮಾತಾಡ್ಲಿಕ್ಕೆ ಬಿಟ್ಟಿದ್ರೆ ಸಾಕಿತ್ತು, ಪ್ರಾಜೆಕ್ಟಿನ ಅರ್ಧ ಅಲ್ಲೇ ಮುಗೀತಿತ್ತು.

ಆದದ್ದು ಬೇರೆ. ಬೆಲ್ ಆಗ್ಲಿಕ್ಕೆ ಐದು ನಿಮಿಷ ಇರುವಾಗ ವಿಷಯ ಬೋರ್ಡಲ್ಲಿ ಬರೆದು, ರೋಲ್ ನಂಬರ್ ಪ್ರಕಾರ ಗ್ರೂಪ್ ಓದಿ, "ಬರುವ ಸೋಮವಾರ ತನ್ನಿ, ಚಾರ್ಟ್ ಮತ್ತೆ ಮಾಡೆಲ್ ಎರಡೂ ಬೇಕು" ಅಂತ ಹೇಳಿ ಆಯ್ತು. ಅಲ್ಲಿಂದ ಅದು ಶಾಲೆಯ ಕೆಲಸ ಆಗಿ ಉಳೀಲಿಲ್ಲ. ತಾಯಂದಿರ ವಾಟ್ಸಾಪ್ ಗ್ರೂಪ್ ಶುರು ಆಯ್ತು, ಯಾರ ಮನೆಯಲ್ಲಿ ಸೇರುದು, ಥರ್ಮೋಕೋಲ್ ಯಾರು ತರುದು, ಒಬ್ಬೊಬ್ಬರು 150 ರೂಪಾಯಿ ಹಾಕಿ. ಆದಿತ್ಯವಾರ ಒಂದು ಫ್ಲ್ಯಾಟಲ್ಲಿ ಸೇರಿದ್ದು ಮೂರೇ ಮಕ್ಕಳು. ಬೆಂಗ್ರೆ ಹುಡುಗನಿಗೆ ದೋಣಿ, ಬಸ್ಸು ಅಂತ ದಾಟಿ ಬಂದು ಕತ್ತಲಾಗುವ ಮೊದ್ಲು ವಾಪಸ್ ಹೋಗ್ಲಿಕ್ಕೆ ಮನೆಯವರು ಒಪ್ಪಲಿಲ್ಲ. ಬಾಗಲಕೋಟೆ ಹುಡುಗಿಯ ಹತ್ರ ಫೋನೇ ಇಲ್ಲ, ಆದಿತ್ಯವಾರ ಅಪ್ಪ ಅಮ್ಮ ಕೆಲಸಕ್ಕೆ ಹೋದ್ರೆ ಸಣ್ಣ ತಮ್ಮನನ್ನು ನೋಡುದು ಅವಳೇ. ಇನ್ನೊಬ್ಬಳಿಗೆ ಆ ಮನೆಗೆ ಹೋಗ್ಲಿಕ್ಕೆ ಅಪ್ಪ ಬಿಡಲಿಲ್ಲ, ಯಾಕೆ ಅಂತ ನಾನು ಬಿಡಿಸಿ ಹೇಳ್ಬೇಕಾಗಿಲ್ಲ, ನಮ್ಮ ಜಿಲ್ಲೆಯವರಿಗೆ ಗೊತ್ತಾಗ್ತದೆ. ಬಂದ ಮೂರು ಮಕ್ಕಳಲ್ಲಿ ಒಬ್ಬಳ ಅಮ್ಮ ಮಾಡೆಲ್ ಮಾಡಿದ್ರು, ನನ್ನ ಮಗಳು ಇಡೀ ಚಾರ್ಟ್ ಬರೆದಳು, ಮೂರನೆಯವಳು ಪಕ್ಕದಲ್ಲಿ ಕೂತು ಸ್ಕೆಚ್ ಪೆನ್ ಕೊಟ್ಟಳು. ಫೋಟೋಗಳನ್ನು ಸೈಬರಿನವನು ನೆಟ್ಟಿಂದ ತೆಗೆದು ಕಲರ್ ಪ್ರಿಂಟ್ ಮಾಡಿ ಕೊಟ್ಟ. ತುಂಬೆ ಅಣೆಕಟ್ಟು ಅಂತ ಅವನು ಕೊಟ್ಟದ್ದು ಕೆಆರ್‌ಎಸ್ ಫೋಟೋ! ಅದು ಚಾರ್ಟಲ್ಲಿ ಅಂಟಿ, ಶಾಲೆಗೆ ಹೋಗಿ, ಗೋಡೆಯಲ್ಲಿ ನೇತಾಡಿ, ಎ ಪ್ಲಸ್ ಕೂಡ ತಗೊಂಡು ಬಂತು.

ಒಂದೇ ಒಂದು ಪ್ರಶ್ನೆ ಆರು ಮಕ್ಕಳಲ್ಲಿ ಒಬ್ಬರಿಗೂ ಕೇಳಲಿಲ್ಲ. ಆರು ಜನಕ್ಕೂ ಒಂದೇ ಮಾರ್ಕು. 150 ರೂಪಾಯಿ ಕೊಡ್ಲಿಕ್ಕೆ ಆಗದ ಹುಡುಗಿಗೆ ಮಾತ್ರ ಕ್ಲಾಸಲ್ಲಿ "ಫ್ರೀ ಮಾರ್ಕ್" ಅಂತ ಹೆಸರು ಬಿತ್ತು.

ನನಗೆ ಹೆಚ್ಚು ಬೇಜಾರಾದದ್ದು ಇಲ್ಲಿ. ನನ್ನ ಮಗಳು ಮನೆಗೆ ಬಂದು ಕೋಪದಲ್ಲಿ "ನಾನು ಮಾಡಿದ್ದು, ಅವರಿಗೂ ಅಷ್ಟೇ ಮಾರ್ಕು" ಅಂತ ಅತ್ತಳು. ಅವಳ ಕೋಪ ಸರಿಯೇ, ಆದ್ರೆ ಅನ್ಯಾಯ ಅವಳಿಗೆ ಸಣ್ಣದು. ದೊಡ್ಡ ಅನ್ಯಾಯ ಆದದ್ದು ಕೆಲಸ ಸಿಗದವರಿಗೆ. ಆಮೇಲೆ ಒಂದು ದಿನ ಊಟದ ಹೊತ್ತಲ್ಲಿ ಆ ಬಾಗಲಕೋಟೆ ಹುಡುಗಿ ಮಗಳಿಗೆ ಹೇಳಿದ್ಳಂತೆ, ಸೈಟಿಗೆ ಟ್ಯಾಂಕರ್ ಬಂದ್ರೆ ಮೊದ್ಲು ಸಿಮೆಂಟ್ ಕ್ಯೂರಿಂಗಿಗೆ ಬಿಡ್ತಾರೆ, ಆಮೇಲೆ ಶೆಡ್ಡಿನವರಿಗೆ, ಊರಲ್ಲಿ ಬೋರ್‌ವೆಲ್ ಹತ್ರ ಸಾಲಲ್ಲಿ ಕೊಡ ಇಟ್ಟು ಬರುದು ಅವಳದ್ದೇ ಕೆಲಸ ಆಗಿತ್ತು, ಒಂದು ಮನೆಗೆ ಎಷ್ಟು ಕೊಡ ಬೇಕು ಅಂತ ಅವಳಿಗೆ ಬಾಯಿಪಾಠ. ನೀರಿನ ಬಗ್ಗೆ ಆ ಗ್ರೂಪಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿದ್ದವಳು ಅವಳು. ಅವಳನ್ನು ಯಾರೂ ಕೇಳಲೇ ಇಲ್ಲ, ಕೇಳುವ ಜಾಗವೇ ಇರಲಿಲ್ಲ.

ಮಾನ್ಯರೇ, ಇದು ಒಂದು ಶಾಲೆಯ ಕಥೆ ಅಂತ ತಿಳ್ಕೊಳ್ಬೇಡಿ, ಹಾಗಾಗಿಯೇ ನಾನು ಶಾಲೆಯ ಹೆಸರು ಬರೀಲಿಲ್ಲ. ನಾನು ಮಾತಾಡಿದ ತಾಯಂದಿರಲ್ಲಿ ಸುರತ್ಕಲ್ ಕಡೆಯವರು, ಬಂಟ್ವಾಳದವರು, ಉಡುಪಿಯ ನನ್ನ ಅಕ್ಕ ಕೂಡ ಹೇಳುದು ಇದನ್ನೇ. ಎಫ್‌ಎ ಹತ್ರ ಬಂದಾಗ ಸ್ಟೇಷನರಿ ಅಂಗಡಿಗಳಲ್ಲಿ ರೆಡಿ ಮಾಡೆಲ್ ಸಿಗ್ತದೆ, ಜ್ವಾಲಾಮುಖಿ, ಸೌರಮಂಡಲ, ಮಳೆನೀರು ಕೊಯ್ಲು, ಎಲ್ಲ ಸಾಲಾಗಿ ಇಟ್ಟಿರ್ತಾರೆ. ಅದನ್ನು ತಂದು ಹೆಸರು ಅಂಟಿಸಿ ಕೊಟ್ರೂ ಗುಂಪು ಚಟುವಟಿಕೆ ಅಂತ ಎಂಟ್ರಿ ಆಗ್ತದೆ.

ಗುಂಪಲ್ಲಿ ಕೆಲಸ ಮಾಡುವಾಗ ಕೆಲವರು ಸುಮ್ಮನೆ ಉಳಿಯುದು ಮಕ್ಕಳ ಗುಣದ ದೋಷ ಅಲ್ಲ. ಫ್ರಾನ್ಸಿನ ರಿಂಗಲ್ಮನ್ ಅನ್ನುವ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಅಳತೆ ಮಾಡಿ 1913ರಲ್ಲೇ ಬರೆದಿದ್ದಾರೆ, ಹಗ್ಗಕ್ಕೆ ಜನ ಹೆಚ್ಚಾದ ಹಾಗೆ ಒಬ್ಬೊಬ್ಬರು ಹಾಕುವ ಬಲ ಕಡಿಮೆ ಆಗ್ತಾ ಹೋಗ್ತದೆ ಅಂತ. ಮುಂದೆ 1979ರಲ್ಲಿ ಅಮೆರಿಕದವರು ಚಪ್ಪಾಳೆ ಹೊಡೆಸಿ, ಬೊಬ್ಬೆ ಹಾಕಿಸಿ ನೋಡಿದ್ರು, ಅಲ್ಲೂ ಹಾಗೇ. ಆದ್ರೆ ಯಾರು ಎಷ್ಟು ಮಾಡಿದ್ದು ಅಂತ ಬೇರೆ ಬೇರೆಯಾಗಿ ಗೊತ್ತಾಗುವ ಹಾಗೆ ಮಾಡಿದಾಗ ಈ ಸೋಮಾರಿತನ ಹೋಗ್ತದೆ ಅಂತಲೂ ಅವರೇ ಆಮೇಲೆ ತೋರಿಸಿದ್ರು. ನಮ್ಮ ಕಡಲ ತೀರದ ಕೈರಂಪಣಿ (ದಡದಿಂದ ಬಲೆ ಎಳೆದು ಮೀನು ಹಿಡಿಯುದು) ನೋಡಿದವರಿಗೆ ಇದು ಹೊಸ ವಿಷಯ ಅಲ್ಲ. ದೋಣಿಯಲ್ಲಿ ಹೋಗಿ ಬಲೆ ಸುತ್ತು ಹಾಕುವವರು ಬೇರೆ, ಎರಡೂ ತುದಿಯಲ್ಲಿ ದಡದಿಂದ ಹಗ್ಗ ಎಳೆಯುವವರು ಬೇರೆ, ಒಬ್ಬರ ಕೆಲಸ ತಪ್ಪಿದ್ರೆ ಎಲ್ಲರ ಮೀನೂ ಹೋಯ್ತು, ಬಲೆ ಬಂದ ಮೇಲೆ ಪಾಲೂ ಉಂಟು. ನಮ್ಮ ಮಕ್ಕಳ ಗ್ರೂಪಲ್ಲಿ ಈ ಎರಡೂ ಇಲ್ಲ. ನೀನು ಇಲ್ಲದಿದ್ರೆ ಆಗುದಿಲ್ಲ ಅನ್ನುವ ಕೆಲಸವೂ ಇಲ್ಲ, ನೀನು ಏನು ಮಾಡಿದೆ ಅಂತ ಕೇಳುವವರೂ ಇಲ್ಲ.

ಈಗ ಮಗನ ಕ್ಲಾಸಿನ ವಿಷಯ ಹೇಳ್ತೇನೆ, ನಿಮಗೆ ಇದು ಗೊತ್ತಿರುದೇ, ಆದ್ರೂ ಒಬ್ಬಳು ತಾಯಿ ಕಣ್ಣಲ್ಲಿ ಹೇಗೆ ಕಾಣ್ತದೆ ಅಂತ ಕೇಳಿ. ಅವನದ್ದು ನಲಿಕಲಿ ಕೋಣೆ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ, ನೆಲದಲ್ಲಿ ವೃತ್ತಾಕಾರದಲ್ಲಿ ಕೂತಿರ್ತಾರೆ. ಒಂದು ಗುಂಪಿಗೆ ಟೀಚರಿನ ಪೂರ್ತಿ ಸಹಾಯ, ಒಂದಕ್ಕೆ ಅರ್ಧ ಸಹಾಯ, ಒಂದರಲ್ಲಿ ಜೊತೆಯ ಮಕ್ಕಳ ಸಹಾಯ, ಹಾಗೇ ಹೋಗಿ ಕೊನೆಗೆ ಸ್ವಂತ ಕಲಿಯುವ ಗುಂಪು. ಗೋಡೆಯಲ್ಲಿ ಕಲಿಕಾ ಏಣಿ, ಟ್ರೇಯಲ್ಲಿ ಕಾರ್ಡು, ತಲೆ ಮೇಲೆ ಹಗ್ಗದ ಚಪ್ಪರಕ್ಕೆ ಮಕ್ಕಳು ಮಾಡಿದ್ದೆಲ್ಲ ಸಿಕ್ಕಿಸಿರ್ತಾರೆ. ಮಗು ತಾನು ಏಣಿಯಲ್ಲಿ ಎಲ್ಲಿದ್ದೇನೆ ನೋಡಿ, ತನ್ನ ಕಾರ್ಡ್ ತಾನೇ ತೆಗೆದು, ಯಾವ ಗುಂಪಲ್ಲಿ ಕೂರ್ಬೇಕೋ ಅಲ್ಲಿಗೆ ಹೋಗ್ತದೆ. ಗುಂಪು ಯಾವತ್ತೂ ಖಾಯಂ ಅಲ್ಲ, ಇವತ್ತು ಸಹಾಯ ಕೇಳಿದವ ನಾಡಿದ್ದು ಇನ್ನೊಬ್ಬನಿಗೆ ಹೇಳಿಕೊಡ್ತಾನೆ. ನನ್ನ ಮಗ ಒಂದನೇ ಕ್ಲಾಸಿನ ಒಂದು ಮಗುವಿಗೆ ಒತ್ತಕ್ಷರ ಹೇಳಿಕೊಡುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ, ಮನೆಯಲ್ಲಿ ಅದೇ ಒತ್ತಕ್ಷರ ಅವನಿಗೇ ತಪ್ಪುತಿತ್ತು, ಹೇಳಿಕೊಡ್ಲಿಕ್ಕೆ ಶುರು ಮಾಡಿದ ಮೇಲೆ ಸರಿ ಆಯ್ತು.

ಇದು ಎಲ್ಲಿಂದಲೋ ಬಂದ ಫ್ಯಾಷನ್ ಅಲ್ಲ ಸರ್, ನಮ್ಮ ಕರ್ನಾಟಕದ್ದೇ. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ನಮ್ಮ ಸರ್ಕಾರಿ ಟೀಚರುಗಳೇ 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಲ್ಲಿ, ಯುನಿಸೆಫ್ ಸಹಾಯದಲ್ಲಿ ಶುರು ಮಾಡಿದ್ದು. 2009-10ರಿಂದ ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಅದರಲ್ಲೂ ತೊಂದ್ರೆಗಳುಂಟು, ಕಾರ್ಡ್ ಹರಿದುಹೋಗಿರ್ತದೆ, ಒಬ್ಬರೇ ಟೀಚರ್ ಇದ್ದು ಅವರಿಗೂ ಬೇರೆ ಡ್ಯೂಟಿ ಬಿದ್ರೆ ಆ ದಿನ ಎಲ್ಲ ಅಸ್ತವ್ಯಸ್ತ. ಆದ್ರೆ ಒಂದು ವಿಷಯ ಅದರಲ್ಲಿ ಗಟ್ಟಿ ಉಂಟು: ಗುಂಪಲ್ಲಿ ಕಲಿಯುದು ಕ್ಲಾಸಿನೊಳಗೆ, ಟೀಚರಿನ ಕಣ್ಣೆದುರು. ಹಾಗಾದ್ರೆ ನಾಲ್ಕನೇ ಕ್ಲಾಸಿಗೆ ಹೋದ ಕೂಡ್ಲೆ ಇದೆಲ್ಲ ಯಾಕೆ ನಿಂತುಹೋಗ್ಬೇಕು, ಹೈಸ್ಕೂಲಿಗೆ ಬರುವಾಗ ಬೆಂಚು ಬೋರ್ಡು ಮಾತ್ರ ಉಳಿದು, ಗುಂಪು ಅನ್ನುದು ಥರ್ಮೋಕೋಲ್ ಜೊತೆ ಮನೆಗೆ ಯಾಕೆ ಹೋಗ್ಬೇಕು?

ಹೈಸ್ಕೂಲಲ್ಲಿ ಆಗುದಿಲ್ಲ ಅಂತ ಹೇಳ್ಬೇಡಿ, ಆಗುದನ್ನು ನಾನೇ ನೋಡಿದ್ದೇನೆ, ಅದೇ ಮಗಳ ಶಾಲೆಯಲ್ಲೇ. ಅಲ್ಲಿನ ಗಣಿತದ ಸರ್ ಒಬ್ಬರು ಹೆರಾನ್ ಸೂತ್ರ (ಮೂರು ಬದಿಯ ಅಳತೆಯಿಂದ ತ್ರಿಕೋನದ ವಿಸ್ತೀರ್ಣ ತೆಗೆಯುದು) ಮಾಡುವಾಗ ಮಕ್ಕಳನ್ನು ಮೈದಾನಕ್ಕೆ ಕರ್ಕೊಂಡು ಬಂದಿದ್ರು, ನಾನು ಫೀಸ್ ವಿಷಯಕ್ಕೆ ಆಫೀಸಿಗೆ ಹೋದವಳು ಜಗಲಿಯಲ್ಲಿ ಕಾಯ್ತಾ ಇದ್ದೆ. ಶಾಲೆಯ ಮೈದಾನ ಸರಿ ಚೌಕ ಅಲ್ಲ, ಒಂದು ಬದಿ ರಸ್ತೆಗೆ ಓರೆಯಾಗಿ ಹೋಗಿದೆ. ಅದರ ವಿಸ್ತೀರ್ಣ ಕಂಡುಹಿಡೀಬೇಕು. ಗುಂಪಿಗೆ ಐದು ಜನ, ಇಬ್ಬರು ಟೇಪ್ ಹಿಡಿಯುದು, ಒಬ್ಬರು ಬರೆಯುದು, ಒಬ್ಬರು ಲೆಕ್ಕ, ಒಬ್ಬರು ಅದನ್ನು ಬೇರೆಯಾಗಿ ಇನ್ನೊಮ್ಮೆ ಮಾಡಿ ಚೆಕ್ ಮಾಡುದು. ಒಂದು ಗುಂಪು ನಾಲ್ಕೂ ಬದಿ ಅಳೆದು ಬಂದು ಕೂತಿತು, ಮುಂದೆ ಹೋಗ್ಲಿಕ್ಕೆ ಆಗಲಿಲ್ಲ. ಸರ್ ಹೇಳಿಕೊಡಲಿಲ್ಲ, ಸುಮ್ಮನೆ ನಿಂತ್ರು. ಆಗ ಆ ಗುಂಪಿನ ಒಬ್ಬ ಹುಡುಗ, ಅವನಪ್ಪ ಮರದ ಕೆಲಸದವರು, "ಮೂಲೆಯಿಂದ ಮೂಲೆಗೆ ಅಳೀಬೇಕು, ಅಪ್ಪ ಬಾಗಿಲ ದಾರಂದ ಕೂರಿಸುವಾಗ ಹಾಗೇ ನೋಡುದು, ಇಲ್ಲದಿದ್ರೆ ನಾಲ್ಕು ಬದಿ ಸರಿ ಇದ್ದೂ ಓರೆ ಆಗ್ತದೆ" ಅಂದ. ಕರ್ಣ ಅಳೆದ್ರು, ಎರಡು ತ್ರಿಕೋನ ಆಯ್ತು, ಸೂತ್ರ ಕೂತಿತು. ಆಮೇಲೆ ನೋಡಿದ್ರೆ ಎರಡು ಗುಂಪಿನ ಉತ್ತರ ಬೇರೆ ಬೇರೆ. ದೊಡ್ಡ ಜಗಳ, ತುಳುವಲ್ಲಿ, ಬ್ಯಾರಿಯಲ್ಲಿ, ಕನ್ನಡದಲ್ಲಿ. ಕಡೆಗೆ ಗೊತ್ತಾಯ್ತು, ಒಬ್ಬರು ಟೇಪಿನ ತುದಿಯ ತುಂಡು ಹೋದ ಜಾಗದಿಂದ ಹಿಡಿದಿದ್ರು, ಸೊನ್ನೆ ಅಲ್ಲಿ ಇರಲೇ ಇಲ್ಲ. ಕ್ಲಾಸಿಗೆ ಹೋದ ಮೇಲೆ ಸರ್ ಪ್ರತಿ ಗುಂಪಿಂದ ತನಗೆ ಬೇಕಾದ ಒಬ್ಬರನ್ನು ಎಬ್ಬಿಸಿ ಬೋರ್ಡಲ್ಲಿ ಮಾಡಿಸಿದ್ರಂತೆ, ಯಾರನ್ನು ಎಬ್ಬಿಸ್ತಾರೆ ಅಂತ ಮೊದ್ಲೇ ಗೊತ್ತಿಲ್ಲದ ಕಾರಣ ಗುಂಪಿನ ಎಲ್ಲರಿಗೂ ಬರುವ ಹಾಗೆ ಮಕ್ಕಳೇ ಒಬ್ಬರಿಗೊಬ್ಬರು ಕಲಿಸಿಕೊಂಡಿದ್ರು. ಪ್ರತಿಯೊಬ್ಬರ ಮಾರ್ಕ್ ಬೇರೆ ಬೇರೆ. ಖರ್ಚು ಒಂದು ಪೈಸೆ ಇಲ್ಲ.

ನನ್ನ ಮಗಳಿಗೆ ಗಣಿತ ಅಷ್ಟಕ್ಕಷ್ಟೇ, ಆದ್ರೆ ಹೆರಾನ್ ಸೂತ್ರ ಈಗ ಅರ್ಧರಾತ್ರಿ ಎಬ್ಬಿಸಿ ಕೇಳಿದ್ರೂ ಹೇಳ್ತಾಳೆ, ಯಾಕೆ ಕರ್ಣ ಬೇಕು ಅಂತಲೂ ಹೇಳ್ತಾಳೆ.

ಇನ್ನೊಂದು ವಿಧಾನದ ಬಗ್ಗೆ ಒಬ್ಬರು ಟೀಚರ್ ನನಗೆ ಹೇಳಿದ್ರು, ಬಿ.ಎಡ್‌ನಲ್ಲಿ ಓದಿದ್ದು, ಮಾಡಿಸ್ಲಿಕ್ಕೆ ಅವಕಾಶ ಸಿಕ್ಕಿಲ್ಲ ಅಂದ್ರು. ಜಿಗ್ಸಾ ಅಂತ ಹೆಸರು, 1971ರಲ್ಲಿ ಅಮೆರಿಕದ ಆಸ್ಟಿನ್ ಊರಲ್ಲಿ ಎಲಿಯಟ್ ಆರನ್ಸನ್ ಅನ್ನುವ ಮನಃಶಾಸ್ತ್ರಜ್ಞರು ಶುರು ಮಾಡಿದ್ದು. ಅಲ್ಲಿ ಕರಿಯರ, ಬಿಳಿಯರ, ಮೆಕ್ಸಿಕೋ ಕಡೆಯವರ ಮಕ್ಕಳು ಅದೇ ಹೊಸದಾಗಿ ಒಂದೇ ಶಾಲೆಗೆ ಬಂದು ದಿನಾ ಹೊಡೆದಾಟ. ಅವರು ಮಾಡಿದ್ದು ಇಷ್ಟೇ, ಪಾಠವನ್ನು ಐದಾರು ತುಂಡು ಮಾಡಿ ಗುಂಪಿನ ಒಂದೊಂದು ಮಗುವಿಗೆ ಒಂದೊಂದು ತುಂಡು ಕೊಟ್ರು. ಒಂದೇ ತುಂಡು ಸಿಕ್ಕಿದ ಬೇರೆ ಬೇರೆ ಗುಂಪಿನ ಮಕ್ಕಳು ಮೊದ್ಲು ಒಟ್ಟಿಗೆ ಕೂತು ಅದನ್ನು ಸರಿಯಾಗಿ ಕಲೀಬೇಕು, ಆಮೇಲೆ ತಮ್ಮ ಗುಂಪಿಗೆ ವಾಪಸ್ ಬಂದು ಉಳಿದವರಿಗೆ ಹೇಳಿಕೊಡ್ಬೇಕು. ಪರೀಕ್ಷೆ ಮಾತ್ರ ಒಬ್ಬೊಬ್ಬರಿಗೆ, ಪೂರ್ತಿ ಪಾಠದ ಮೇಲೆ. ಪಕ್ಕದವನನ್ನು ಗೇಲಿ ಮಾಡಿದ್ರೆ ಅವನ ತುಂಡು ನನಗೆ ಸಿಗುದಿಲ್ಲ, ಹಾಗಾಗಿ ಕೇಳಲೇಬೇಕು, ಅವನಿಗೆ ಭಾಷೆ ತೊಡರಿದ್ರೂ ತಾಳ್ಮೆಯಿಂದ ಕೇಳ್ಬೇಕು. ಇದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮದೇ ಊರು. ಇಲ್ಲಿ ಮಕ್ಕಳು ಬೇರೆ ಬೇರೆ ಬಸ್ಸಲ್ಲಿ, ಬೇರೆ ಬೇರೆ ಕೇರಿಯಿಂದ ಬರ್ತಾರೆ, ಮನೆಮಾತು ಒಬ್ಬರದ್ದು ತುಳು, ಒಬ್ಬರದ್ದು ಕೊಂಕಣಿ, ಒಬ್ಬರದ್ದು ಬ್ಯಾರಿ, ಒಬ್ಬರದ್ದು ಉತ್ತರ ಕರ್ನಾಟಕದ ಕನ್ನಡ, ಈಗೀಗ ಹಿಂದಿ, ಒಡಿಯಾ ಮಾತಾಡುವ ಮಕ್ಕಳೂ ಬರ್ತಾ ಇದ್ದಾರೆ. ದೊಡ್ಡವರ ನಡುವೆ ಸಂಶಯ ಎಷ್ಟು ಬೆಳೆದಿದೆ ಅಂತ ನಿಮಗೂ ಗೊತ್ತು. ಒಬ್ಬರ ಮನೆಗೆ ಇನ್ನೊಬ್ಬರು ಹೋಗ್ಲಿಕ್ಕೆ ಹಿಂದೆಮುಂದೆ ನೋಡುವ ಈ ಕಾಲದಲ್ಲಿ ಈ ಮಕ್ಕಳೆಲ್ಲ ಯಾರ ಅಪ್ಪಣೆಯೂ ಬೇಕಾಗದೆ ಒಟ್ಟಿಗೆ ಕೂರುವ ಒಂದೇ ಒಂದು ಜಾಗ ಅಂದ್ರೆ ಕ್ಲಾಸ್ ರೂಮ್. ಗ್ರೂಪ್ ವರ್ಕನ್ನು ಮನೆಗೆ ಕಳಿಸಿದ್ರೆ ಈ ಜಾಗವನ್ನೇ ನಾವು ಕೈಬಿಟ್ಟ ಹಾಗೆ. ಮನೆಗೆ ಹೋದ ಗ್ರೂಪ್ ತನ್ನಿಂದ ತಾನೇ ಜಾತಿ, ಧರ್ಮ, ದುಡ್ಡು, ಏರಿಯಾ ಪ್ರಕಾರ ಒಡೀತದೆ, ಮಕ್ಕಳ ತಪ್ಪು ಅದರಲ್ಲಿ ಎಂತದೂ ಇಲ್ಲ.

ಭಾಷೆ ಅಂದಾಗ ಒಂದು ಮಾತು. ಇಂಗ್ಲಿಷ್ ಮೀಡಿಯಂ ಕ್ಲಾಸಲ್ಲಿ ಗುಂಪಲ್ಲಿ ಕೂತಾಗಲೂ ಇಂಗ್ಲಿಷಲ್ಲೇ ಮಾತಾಡಿ ಅಂತ ಹೇಳಿದ್ರೆ ಅರ್ಧ ಮಕ್ಕಳ ಬಾಯಿ ಕಟ್ಟಿಹೋಗ್ತದೆ. ಮೈದಾನದಲ್ಲಿ ಆ ಮಕ್ಕಳು ಅಷ್ಟು ಚೆನ್ನಾಗಿ ವಾದ ಮಾಡಿದ್ದು ಅವರವರ ಮಾತಲ್ಲಿ. ಯೋಚನೆ ಯಾವ ಭಾಷೆಯಲ್ಲಿ ಬರ್ತದೋ ಅದರಲ್ಲಿ ಮಾತಾಡ್ಲಿ, ಕೊನೆಗೆ ಬರೆಯುದು, ಎದ್ದು ನಿಂತು ಹೇಳುದು ಶಾಲೆಯ ಭಾಷೆಯಲ್ಲಿ ಇರ್ಲಿ. ಅಷ್ಟು ಸಾಕು.

ಟೀಚರುಗಳ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಪೀರಿಯಡ್ ಅಂದ್ರೆ 40 ನಿಮಿಷ, ಅದರಲ್ಲಿ ಹಾಜರಿ ಕರೆದು ಮಕ್ಕಳು ಕೂರುವಾಗಲೇ ಐದು ನಿಮಿಷ ಹೋಗ್ತದೆ, ರೆಡ್ ಅಲರ್ಟ್ ಅಂತ ಜುಲೈಯಲ್ಲಿ ರಜೆ ಮೇಲೆ ರಜೆ, ಪೋರ್ಷನ್ ಮುಗೀಬೇಕು, ಮಧ್ಯದಲ್ಲಿ ಚುನಾವಣೆ ಕೆಲಸ, ಸಮೀಕ್ಷೆ ಕೆಲಸ, ಆನ್‌ಲೈನ್ ಎಂಟ್ರಿ. ಬೆಂಚುಗಳನ್ನು ತಿರುಗಿಸ್ಲಿಕ್ಕೆ ಜಾಗ ಇಲ್ಲ, ಡೆಸ್ಕಿಗೆ ಬೆಂಚು ಸೇರಿಸಿ ಬೆಸುಗೆ ಹಾಕಿದ ಪೀಠೋಪಕರಣ ಇದ್ರೆ ಮಕ್ಕಳು ಎದುರೆದುರು ಕೂರುದೇ ಕಷ್ಟ. ಎಲ್ಲಕ್ಕಿಂತ ಹೆಚ್ಚು ಅವರು ಹೆದರುದು ಗದ್ದಲಕ್ಕೆ. ಒಬ್ಬರು ಟೀಚರ್ ನನ್ನ ಹತ್ರ ನೇರ ಹೇಳಿದ್ರು, "ನಾನು ಗುಂಪು ಮಾಡಿಸಿದ್ರೆ ಪಕ್ಕದ ಕ್ಲಾಸಿಗೆ ಕೇಳ್ತದೆ, ಹೆಡ್ ಮಾಸ್ಟರ್ ಬಂದು ಇಣುಕಿ ಹೋಗ್ತಾರೆ, ಕ್ಲಾಸ್ ಕಂಟ್ರೋಲ್ ಇಲ್ಲದ ಟೀಚರ್ ಅಂತ ಹೆಸರು ಬರ್ತದೆ." ಮುಖ್ಯ ಶಿಕ್ಷಕರುಗಳೇ, ಇದು ನಿಮಗೆ. ನಲಿಕಲಿ ಕೋಣೆಯ ಸದ್ದನ್ನು ಕಲಿಕೆ ಅಂತ ಒಪ್ಪಿದ ಇಲಾಖೆ ನಮ್ಮದು, ಒಂಬತ್ತನೇ ಕ್ಲಾಸಿನ ಸದ್ದನ್ನೂ ಸ್ವಲ್ಪ ನಿಂತು ಕೇಳಿ, ಮಕ್ಕಳು ಪಾಠದ ಬಗ್ಗೆ ಜಗಳ ಮಾಡ್ತಾ ಇದ್ದಾರೋ ಕ್ರಿಕೆಟ್ ಬಗ್ಗೆಯೋ ಅಂತ ಎರಡು ನಿಮಿಷದಲ್ಲಿ ಗೊತ್ತಾಗ್ತದೆ.

ರಿಸಲ್ಟಿನ ಮಾತು ಬಂದೇ ಬರ್ತದೆ, ಹಾಗಾಗಿ ನಾನೇ ಎತ್ತುತ್ತೇನೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ. 94 ತಗೊಂಡು ರಾಜ್ಯಕ್ಕೆ ಮೊದಲು, ನಮ್ಮ ಜಿಲ್ಲೆ ಶೇ. 92.12ರಲ್ಲಿ ಎರಡನೇದು. 2025ರಲ್ಲಿ ನಾವು ಶೇ. 91.12ರಲ್ಲಿ ಮೊದಲು, ಉಡುಪಿ ಶೇ. 89.96ರಲ್ಲಿ ಎರಡನೇದು. ಹೆಮ್ಮೆಯ ವಿಷಯವೇ, ನನಗೂ ಹೆಮ್ಮೆ ಉಂಟು, ಇದರ ಹಿಂದೆ ಬೆಳಿಗ್ಗೆ ಸಂಜೆ ಸ್ಪೆಷಲ್ ಕ್ಲಾಸ್ ತಗೊಂಡ ಟೀಚರುಗಳ ಶ್ರಮ ಉಂಟು. ಆದ್ರೆ ಮೊದಲ ಸ್ಥಾನದ ಜಿಲ್ಲೆಯಲ್ಲೂ 100ರಲ್ಲಿ ಎಂಟೊಂಬತ್ತು ಮಕ್ಕಳು ಫೇಲ್. ಆ ಮಕ್ಕಳು ಕ್ಲಾಸಲ್ಲಿ ಎಲ್ಲಿ ಕೂತಿರ್ತಾರೆ? ಗ್ರೂಪಲ್ಲಿ ಹೆಸರು ಇದ್ದು ಕೆಲಸ ಇಲ್ಲದ ಮಕ್ಕಳು ಅವರಲ್ಲಿ ಎಷ್ಟು ಜನ ಇರ್ಬಹುದು ಅಂತ ನೀವೇ ಯೋಚನೆ ಮಾಡಿ. "ನಿಧಾನ ಕಲಿಕೆಯವರು" ಅಂತ ಅವರನ್ನು ಬೇರೆ ಮಾಡಿ, ಪಾಸಿಂಗ್ ಪ್ಯಾಕೇಜ್ (ಪಾಸಾಗ್ಲಿಕ್ಕೆ ಬೇಕಾದಷ್ಟೇ ಪಾಠ) ಕೊಟ್ಟು, ಅವರದ್ದೇ ಒಂದು ಗುಂಪು ಮಾಡಿ ಕೂರಿಸಿದ್ರೆ ಅವರಿಗೆ ಹೇಳಿಕೊಡುವ ಜೊತೆಗಾರ ಯಾರು? ಇನ್ನೊಂದು ಕಡೆ ಟಾಪರ್ ಮಕ್ಕಳು ನೋಟ್ಸ್ ಅಡಗಿಸಿ ಇಡುದನ್ನು ನಾನು ನೋಡಿದ್ದೇನೆ, ಹೇಳಿಕೊಟ್ರೆ ತನಗೇ ಹೆಚ್ಚು ಗಟ್ಟಿ ಆಗ್ತದೆ ಅಂತ ಅವರಿಗೆ ಯಾರೂ ತೋರಿಸಿಕೊಡಲಿಲ್ಲ.

ಕಾನೂನು ಕೂಡ ಇದನ್ನೇ ಹೇಳ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನಲ್ಲಿ ಎಂಟನೇ ಕ್ಲಾಸಿನವರೆಗೆ ಕಲಿಕೆ ಚಟುವಟಿಕೆ, ಅನ್ವೇಷಣೆ ಮೂಲಕ ಆಗ್ಬೇಕು ಅಂತ ಉಂಟು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಮಕ್ಕಳು ಮಕ್ಕಳಿಗೇ ಹೇಳಿಕೊಡುದರ ಬಗ್ಗೆ ಬರೆದಿದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಬಿಟ್ಟು ಉಳಿದ ವಿಷಯಗಳಿಗೆ 80 ಮಾರ್ಕು ಬರೆಯುವ ಪರೀಕ್ಷೆಗೆ, 20 ಆಂತರಿಕಕ್ಕೆ ಅಂತ ಇಟ್ಟದ್ದೂ ಮಗು ವರ್ಷವಿಡೀ ಕ್ಲಾಸಲ್ಲಿ ಏನು ಮಾಡ್ತದೆ ಅಂತ ನೋಡ್ಲಿಕ್ಕೆ. ಆ 20 ಮಾರ್ಕು ಈಗ ಸ್ಟೇಷನರಿ ಅಂಗಡಿಗೆ ಹೋಗ್ತಾ ಉಂಟು.

ಹಾಗಾಗಿ ನನ್ನ ಕೇಳಿಕೆಗಳು ಇವು. ಮೊದಲನೆಯದಾಗಿ, ಮಾರ್ಕ್ ಇರುವ ಯಾವ ಗುಂಪು ಚಟುವಟಿಕೆಯನ್ನೂ ಮನೆಗೆ ಕೊಡ್ಬಾರ್ದು, ಶಾಲೆಯ ಟೈಮ್‌ಟೇಬಲ್ ಒಳಗೇ ಶುರುವಾಗಿ ಅಲ್ಲೇ ಮುಗೀಬೇಕು ಅಂತ ಒಂದು ಸುತ್ತೋಲೆ ಹೊರಡಿಸಿ. ವಾರದಲ್ಲಿ ಎರಡು ಪೀರಿಯಡ್ ಒಟ್ಟಿಗೆ ಬರುವ ಹಾಗೆ ಒಂದು ದಿನ ಮಾಡಿದ್ರೆ ಆಗ್ತದೆ. ಮನೆಯಿಂದ ತರ್ಲಿಕ್ಕೆ ಹೇಳುದಿದ್ರೆ ಮಾಹಿತಿ ಮಾತ್ರ ತರ್ಲಿ, ಅಜ್ಜಿಯನ್ನು ಕೇಳಿ ಬಾ, ನಿನ್ನ ಬಾವಿಯ ನೀರು ಎಷ್ಟು ಆಳದಲ್ಲಿ ಉಂಟು ನೋಡಿ ಬಾ, ಹೀಗೆ. ಅಂಗಡಿಯ ರೆಡಿ ಮಾಡೆಲ್ಲಿಗೆ, ಕಲರ್ ಪ್ರಿಂಟಿಗೆ ಮಾರ್ಕ್ ಇಲ್ಲ ಅಂತ ಸ್ಪಷ್ಟವಾಗಿ ಬರೆದುಬಿಡಿ, ಅರ್ಧ ರೋಗ ಅಲ್ಲಿಗೇ ವಾಸಿ.

ಮಾರ್ಕ್ ಕೊಡುವ ಕ್ರಮ ಬದಲಾಗ್ಬೇಕು. ಗುಂಪಿನ ಕೆಲಸಕ್ಕೆ ಸ್ವಲ್ಪ ಮಾರ್ಕ್ ಎಲ್ಲರಿಗೂ ಸಮ ಇರ್ಲಿ, ಇಲ್ಲದಿದ್ರೆ ಒಬ್ಬರಿಗೊಬ್ಬರು ಕಲಿಸುದಿಲ್ಲ. ಉಳಿದದ್ದು ಒಬ್ಬೊಬ್ಬರದ್ದು, ಪ್ರತಿ ಮಗುವಿಗೆ ಎರಡೇ ಪ್ರಶ್ನೆ ಕೇಳಿ ಕೊಡುದು. 50 ಮಕ್ಕಳಿಗೆ ಎಲ್ಲಿ ಟೈಮ್ ಅಂತ ಕೇಳ್ಬಹುದು, ಗುಂಪುಗಳು ಕೆಲಸ ಮಾಡ್ತಾ ಇರುವಾಗ ಟೀಚರ್ ತಿರುಗಾಡಿಕೊಂಡು ಕೇಳಿದ್ರೆ ಆಗ್ತದೆ, ಆ ಗಣಿತದ ಸರ್ ಮಾಡಿದ್ದೂ ಹಾಗೇ. ಗುಂಪು ಮಾಡುದು ಟೀಚರೇ, ರೋಲ್ ನಂಬರ್ ಅಲ್ಲ, ಫ್ರೆಂಡ್ಸ್ ಸರ್ಕಲ್ಲೂ ಅಲ್ಲ, ಕೆಲವು ವಾರಕ್ಕೊಮ್ಮೆ ಬದಲಾಯಿಸ್ತಾ ಇರ್ಬೇಕು. ಗುಂಪಿನ ಲೀಡರ್ ಯಾವಾಗಲೂ ಫಸ್ಟ್ ರ್‍ಯಾಂಕ್ ಮಗುವೇ ಆಗುದು ಬೇಡ. ಬರೆಯುದು ಯಾವಾಗಲೂ ಹುಡುಗಿಯರು, ಎದ್ದು ಹೇಳುದು ಯಾವಾಗಲೂ ಹುಡುಗರು, ಇದೂ ನಿಲ್ಲಬೇಕು.

ಟೀಚರುಗಳಿಗೆ ಇದನ್ನು ಭಾಷಣದಲ್ಲಿ ಹೇಳಿದ್ರೆ ಪ್ರಯೋಜನ ಇಲ್ಲ. ಡಯಟ್‌ನವರು (ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ) ತರಬೇತಿ ಕೊಡುವಾಗ ಟೀಚರುಗಳನ್ನೇ ಗುಂಪಲ್ಲಿ ಕೂರಿಸಿ ಒಂದು ಪಾಠ ಜಿಗ್ಸಾ ರೀತಿಯಲ್ಲಿ ಮಾಡಿಸ್ಲಿ, ನಲಿಕಲಿಯ ಅನುಭವ ಇರುವ ಪ್ರೈಮರಿ ಟೀಚರುಗಳನ್ನು ಸಂಪನ್ಮೂಲ ವ್ಯಕ್ತಿಯಾಗಿ ಕರೀಲಿ. ಹೈಸ್ಕೂಲಿನವರಿಗೆ ಪ್ರೈಮರಿಯವರು ಹೇಳಿಕೊಡುದಾ ಅಂತ ಯಾರಿಗಾದ್ರೂ ಅನ್ನಿಸ್ಬಹುದು, ಆದ್ರೆ ಈ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿ ಅನುಭವ ಇರುದು ಅವರಿಗೇ. ಚೆನ್ನಾಗಿ ಮಾಡ್ತಾ ಇರುವ ಹೈಸ್ಕೂಲ್ ಟೀಚರುಗಳೂ ಅಲ್ಲಲ್ಲಿ ಇದ್ದಾರೆ, ಅವರ ಕ್ಲಾಸನ್ನು ಬೇರೆ ಶಾಲೆಯವರು ಬಂದು ನೋಡುವ ವ್ಯವಸ್ಥೆ ಮಾಡಿ. ಮತ್ತೆ ಹೊಸದಾಗಿ ಡೆಸ್ಕು ಬೆಂಚು ತರಿಸುವ ಶಾಲೆಗಳಿಗೆ, ದಾನಿಗಳು ಕೊಡುವಾಗ ಸಹ, ಬೆಸುಗೆ ಹಾಕದ, ತಿರುಗಿಸ್ಲಿಕ್ಕೆ ಆಗುವಂಥದ್ದು ತಗೊಳ್ಳಿ ಅಂತ ಹೇಳಿ.

ತಾಯಂದಿರಿಗೆ, ತಂದೆಯವರಿಗೂ ಇಲ್ಲಿ ಒಂದು ಮಾತು. ಶಾಲೆ ಮಾಡೆಲ್ ಕೇಳದಿದ್ರೆ "ಎಂತ ಶಾಲೆ ಇದು, ಪ್ರಾಜೆಕ್ಟೇ ಇಲ್ಲ" ಅಂತ ದೂರು ಹೇಳುದು ನಾವೇ. ಗೋಡೆಯಲ್ಲಿ ಚಂದದ ಚಾರ್ಟ್ ಕಾಣದಿದ್ರೂ ಮಗುವಿನ ಹತ್ರ ಇವತ್ತು ಯಾರಿಂದ ಏನು ಕಲಿತೆ, ಯಾರಿಗೆ ಏನು ಹೇಳಿಕೊಟ್ಟೆ ಅಂತ ಕೇಳುವ.

ಇದೆಲ್ಲ ಇಡೀ ಜಿಲ್ಲೆಯಲ್ಲಿ ಒಮ್ಮೆಗೇ ಆಗ್ಬೇಕು ಅಂತ ನಾನು ಹಠ ಮಾಡುದಿಲ್ಲ. ಪ್ರತಿ ತಾಲೂಕಲ್ಲಿ ಒಂದೆರಡು ಹೈಸ್ಕೂಲಲ್ಲಿ, ಒಂದೊಂದು ವಿಷಯದಲ್ಲಿ, ಮುಂದಿನ ಎಫ್‌ಎಯಿಂದ ಮಾಡಿ ನೋಡಿ. ನಮ್ಮೂರಿನ ನೀರು ಅನ್ನುವ ಅದೇ ವಿಷಯ ಕೊಡಿ ಬೇಕಾದ್ರೆ, ಈ ಸಲ ಕ್ಲಾಸೊಳಗೆ. ಮೈದಾನ ಅಳೆಯುದು, ಮಳೆ ಅಳೆಯುದು, ದಾಖಲೆ ಇಡುದು, ಏನೇ ಇರ್ಲಿ, ಪೇರೆಂಟ್ಸ್ ಕಡೆಯಿಂದ ಸಹಾಯ ಬೇಕಾದ್ರೆ ನಾವು ನಾಲ್ಕೈದು ಜನ ತಾಯಂದಿರು ಬರ್ಲಿಕ್ಕೆ ರೆಡಿ ಇದ್ದೇವೆ. ಈ ಪತ್ರದ ಪ್ರತಿಯನ್ನು ಸಹಿ ಹಾಕಿ ನಿಮ್ಮ ಕಚೇರಿಗೂ ಕೊಡ್ತಾ ಇದ್ದೇವೆ, ಮುಂದಿನ ಎಫ್‌ಎ ಶುರುವಾಗುವ ಮೊದ್ಲು ಸುತ್ತೋಲೆಯ ಬಗ್ಗೆ ನಿಮ್ಮ ತೀರ್ಮಾನ ತಿಳಿಸ್ಬೇಕು ಅಂತ ಕೇಳಿಕೊಳ್ತೇನೆ.

ವಂದನೆಗಳೊಂದಿಗೆ,
ಒಂಬತ್ತನೇ ಕ್ಲಾಸಿನ ಹುಡುಗಿಯ ಮತ್ತು ಮೂರನೇ ಕ್ಲಾಸಿನ ಹುಡುಗನ ತಾಯಿ,
ಮಂಗಳೂರು